ಡಬ್ಬ ಮತ್ತು ಡಬ್ಬಾ

ಬೆಳಿಗ್ಗೆ ಸಾರಿನ ಒಗ್ಗರಣೆಗೆ ಮೆಂತೆ ಬೇಕಾಯಿತು. ಎಣ್ಣೆ ಕಾದಿತ್ತು. ಕೈ ತನ್ನಷ್ಟಕ್ಕೆ ತಾನೇ ಮೇಲಿನ ಹಲಗೆಯ ಎಡಮೂಲೆಗೆ ಹೋಯಿತು, ಹನ್ನೆರಡು ವರ್ಷಗಳಿಂದ ಹೋಗುತ್ತಿರುವಂತೆ. ಅಲ್ಲಿ ಡಬ್ಬಾ ಇರಲಿಲ್ಲ. ಅದರ ಜಾಗದಲ್ಲಿ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿ ನಿಂತಿತ್ತು. ಒಳಗೆ ಮೆಂತೆ ಕುತ್ತಿಗೆಯವರೆಗೆ ತುಂಬಿತ್ತು. ಅದರ ಬಿಗಿಯಾದ ಮುಚ್ಚಳ ತಿರುಗಿಸುವಷ್ಟರಲ್ಲಿ ಸಾಸಿವೆ ಹೊತ್ತಿತು. ಸಾರು ಇವತ್ತು ಸ್ವಲ್ಪ ಕಹಿಯಾಗಿದೆ. ಉಂಡವರು ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಇವತ್ತು ಯಾರೂ ಯಾರಿಗೂ ಏನೂ ಅನ್ನುವ ಹಾಗಿಲ್ಲ.

ಡಬ್ಬಾ ಎಲ್ಲಿಗೆ ಹೋಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು.

ಅದು ಕೂಸಿನ ಹಾಲಿನ ಪುಡಿಯ ಡಬ್ಬಾ. ನನ್ನ ಮಗಳು ಶ್ರಾವಣಿಗೆಂದು ತಂದ ಮೊದಲನೆಯದು. ಪುಡಿ ತೀರಿದ ಮೇಲೆ ಅತ್ತೆ ಅದನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮೆಂತೆ ತುಂಬಿದರು. ಅದರ ಹೊಟ್ಟೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಬರೆದಿತ್ತು. ವರ್ಷಗಟ್ಟಲೆ ತಿಕ್ಕಿಸಿಕೊಂಡು ನಿನ್ನೆಯ ಹೊತ್ತಿಗೆ ‘ಅತ್ಯುತ್ತಮ’ ಎಂಬ ಒಂದು ಮಾತು ಮಾತ್ರ ಉಳಿದಿತ್ತು. ಯಾವುದು ಅತ್ಯುತ್ತಮ ಎಂದು ಗೊತ್ತಾಗುತ್ತಿರಲಿಲ್ಲ. ಹೊಸದಾಗಿ ನೋಡಿದವರು ಮೆಂತೆ ಎಂದೇ ತಿಳಿಯಬೇಕಿತ್ತು.

ನಿಮ್ಮ ಕಡೆ ಹೇಗೋ ಕಾಣೆ, ನಮ್ಮ ಬಸವನ ಬಾಗೇವಾಡಿಯ ಕಡೆ ಡಬ್ಬಾ ಎಂದರೆ ತಗಡಿನದು, ಮುಚ್ಚಳವಿರುವಂಥದ್ದು; ಕೂಸಿಗೆ ಡಬ್ಬಾ ಹಾಕುವುದು ಎಂದರೆ ಪುಡಿಯ ಹಾಲು ಕುಡಿಸುವುದು. ಡಬ್ಬ ಎಂದರೆ ಬೋರಲು. ತೊಳೆದ ಕೊಡ ಡಬ್ಬ ಹಾಕುತ್ತೇವೆ, ಕೋಳಿಮರಿಯ ಮೇಲೆ ಬುಟ್ಟಿ ಡಬ್ಬ ಹಾಕುತ್ತೇವೆ. ಕೂಸು ಮೊದಲ ಸಲ ಹೊಟ್ಟೆಯ ಮೇಲೆ ಹೊರಳಿದರೆ ‘ಡಬ್ಬ ಬಿತ್ತು’ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತೇವೆ. ನಮ್ಮ ಅತ್ತೆಯ ಮನೆತನದಲ್ಲಿ ಅವತ್ತು ಹೋಳಿಗೆ ಆಗಲೇಬೇಕು. ಈ ಎರಡು ಮಾತುಗಳ ನಡುವೆ ಇರುವುದು ಒಂದು ದೀರ್ಘ, ಅಷ್ಟೇ.

ದೀರ್ಘದ ವಿಷಯದಲ್ಲಿ ನಾನು ಮೊದಲಿನಿಂದಲೂ ಅಪರಾಧಿ. ನನ್ನ ತವರು ಸಿಂದಗಿ. ಓದಿದ್ದು ವಿಜಯಪುರದ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಕನ್ನಡ ಅಲ್ಲಿ ವಾರಕ್ಕೆ ಮೂರು ಪಿರಿಯಡ್ಡಿನ ಬಡ ನೆಂಟ. ‘ಕಲೆ’ ಎಂದು ಬರೆಯಬೇಕಾದಲ್ಲಿ ‘ಕಾಲೆ’, ‘ಬೀಜ’ ಎಂದು ಬರೆಯಬೇಕಾದಲ್ಲಿ ‘ಬಿಜ’. ಕನ್ನಡದ ಟೀಚರು ಕೆಂಪು ಪೆನ್ನಿನಿಂದ ಸುತ್ತು ಹಾಕಿ, “ಒಂದ ದೀರ್ಘ ತಪ್ಪಿದ್ರ ಏನಾಗ್ತೈತಿ ಅಂತ ನಿನಗ ಈಗ ತಿಳಿಯಂಗಿಲ್ಲ, ಶೋಭಾ” ಎನ್ನುತ್ತಿದ್ದರು. ನಾವು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆವು. ಏನಾದೀತು, ಅರ್ಧ ಮಾರ್ಕು ಹೋದೀತು.

ಕನ್ನಡ ಬಾರದಿದ್ದರೂ ನನಗೆ ಪ್ರತಿ ವರ್ಷ ಒಂದು ಬಹುಮಾನ ಬರುತ್ತಿತ್ತು. ಓಟಕ್ಕಲ್ಲ, ಹಾಡಿಗಲ್ಲ; ಸದ್ವರ್ತನೆಗೆ. ಸದ್ವರ್ತನೆ ಎಂದರೆ ಸಿಸ್ಟರ್ ‘ತುಟಿಯ ಮೇಲೆ ಬೆರಳು’ ಎಂದೊಡನೆ ಬೆರಳು ತುಟಿಗೆ ಹೋಗುವುದು, ತೆಗೆಯಿರಿ ಎನ್ನುವವರೆಗೆ ಅಲ್ಲೇ ಇರುವುದು. ಏನಾದರೂ ಹೇಳುವುದಿದ್ದರೆ ಕೈ ಎತ್ತಬೇಕು. ಹೆಸರು ಕರೆದರೆ ಎದ್ದು ನಿಂತು ಹೇಳಬೇಕು. ಕರೆಯದಿದ್ದರೆ ಕೈ ಇಳಿಸಬೇಕು. ಒಮ್ಮೆ ಸಿಸ್ಟರ್ ಎಲ್ಲರಿಗೂ ಬೆರಳು ಇಳಿಸಲು ಹೇಳಿ ಹೊರಟುಹೋದರಂತೆ, ನಾನು ಗಮನಿಸಿರಲಿಲ್ಲ. ಊಟದ ಗಂಟೆ ಹೊಡೆದಾಗಲೂ ನನ್ನ ಬೆರಳು ತುಟಿಯ ಮೇಲೇ ಇತ್ತು. ಆ ವರ್ಷವೂ ಬಹುಮಾನ ನನಗೇ. ಕೊಟ್ಟದ್ದು ಒಂದು ಸೋಪಿನ ಡಬ್ಬಿ.

ಮದುವೆಯಾಗಿ ಬಾಗೇವಾಡಿಗೆ ಬಂದ ಮೇಲೂ ಆ ಅಭ್ಯಾಸ ನನ್ನ ಜೊತೆ ಬಂತು. ನಮ್ಮವರದು ಬೀಜ, ಗೊಬ್ಬರದ ಅಂಗಡಿ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮನೆ ನಡೆಸುವವರು ಅತ್ತೆ. ಹತ್ತಿರದ ಮಸೂತಿ ಎಂಬ ಊರಿನ ಹೆಣ್ಣು, ನೇರ ಮಾತು, ಜೋರು ದನಿ, ಕೆಟ್ಟ ಮನಸ್ಸಲ್ಲ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಅವರನ್ನು ಬಯ್ಯುತ್ತೀರಿ. ಬೈಸಿಕೊಳ್ಳುವಷ್ಟು ಕೆಟ್ಟವರಾಗಿದ್ದರೆ ನನಗೂ ಹಗುರವಾಗುತ್ತಿತ್ತು.

ಶ್ರಾವಣಿ ಹುಟ್ಟಿದ್ದು ಸಿಂದಗಿಯಲ್ಲಿ. ಅವ್ವ ಮೂರು ತಿಂಗಳು ಬಾಣಂತನ ಮಾಡಿದಳು. ಹಾಲು ಹೆಚ್ಚಲೆಂದು ಅಳವಿಯ ಪಾಯಸ, ಸಬ್ಬಸಗಿ ಪಲ್ಯ, ಅಂಟಿನ ಉಂಡಿ. ನನ್ನ ಎದೆಯಲ್ಲಿ ಹಾಲು ಎಷ್ಟಿತ್ತೆಂದರೆ ಕೂಸು ಅತ್ತ ದನಿ ಪಕ್ಕದ ಮನೆಯದ್ದಾದರೂ ರವಕೆ ತೊಯ್ಯುತ್ತಿತ್ತು. ತೊಟ್ಟಿಲ ಸಮೇತ ಗಂಡನ ಮನೆಗೆ ಬಂದು ವಾರವಾಗಿತ್ತು, ಸೂಜಿ ಹಾಕಿಸುವ ದಿನ ಬಂತು. ನಾನು, ಅತ್ತೆ, ಕೂಸು ಮೂವರೂ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ದಕ್ಷಿಣದ ಕಡೆಯವರು, ಊರಿಗೆ ಹೊಸಬರು. ನಮ್ಮ ಮಾತು ಕಲಿಯುವ ಉತ್ಸಾಹ ಅವರಿಗೆ. ‘ಹೌದ್ರೀ’ ಎನ್ನುವಾಗ ಆ ‘ರೀ’ಯನ್ನು ಹೊಸ ಚಪ್ಪಲಿ ಮೆಟ್ಟಿದವರಂತೆ ಜಾಗ್ರತೆಯಿಂದ ಇಡುತ್ತಿದ್ದರು.

ಅವರು ಕೂಸಿನ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿದರು. ತಲೆ ಹಿಂದಕ್ಕೆ ಜೋತುಬಿತ್ತು. ಹಿಂದಲೆಯನ್ನು ಸವರಿ ನೋಡಿದರು. ಸದಾ ಅಂಗಾತ ಮಲಗಿಸಿ ಅದು ಚಪ್ಪಟೆಯಾಗಿತ್ತು. ಹೆದರುವಂಥದ್ದೇನಿಲ್ಲ, ಆದರೆ ಕುತ್ತಿಗೆ ಇಷ್ಟು ಹೊತ್ತಿಗೆ ಇನ್ನೂ ಸ್ವಲ್ಪ ಗಟ್ಟಿಯಾಗಬೇಕಿತ್ತು ಎಂದರು. ಆಮೇಲೆ ತಾವು ಹೊಸದಾಗಿ ಕಲಿತ ಮಾತನ್ನು ಸಂತೋಷದಿಂದ ಬಳಸಿದರು.

“ನೋಡೀಮ್ಮಾ, ದಿನಕ್ಕೆ ನಾಲ್ಕು ಸಲ ಡಬ್ಬಾ ಹಾಕಿ. ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ಜಾಸ್ತಿ ಮಾಡ್ತಾ ಹೋಗಿ. ಎದೆಹಾಲು ಕುಡಿಸಿದ ತಕ್ಷಣ ಬೇಡ, ಕಕ್ಕಿಬಿಡುತ್ತೆ. ಎಚ್ಚರ ಇದ್ದಾಗ ಮಾತ್ರ. ಒಬ್ಬರು ಮುಂದೇನೇ ಕೂತಿರಬೇಕು. ಕುತ್ತಿಗೆಗೆ, ಬೆನ್ನಿಗೆ, ಭುಜಕ್ಕೆ ಎಲ್ಲಾ ಶಕ್ತಿ ಬರುತ್ತೆ.”

ಹೀಗೆ ಹೇಳುತ್ತ ಅವರು ತಮ್ಮ ಅಂಗೈಯನ್ನು ಮಗುಚಿ ಮೇಜಿನ ಮೇಲೆ ಇಟ್ಟು ತೋರಿಸಿದರು. ಐದು ಬೆರಳು ಊರಿ, ಮಣಿಕಟ್ಟನ್ನು ಸ್ವಲ್ಪ ಎತ್ತಿದರು. ಕೂಸು ತಲೆ ಎತ್ತುವ ಹಾಗೆ. ಅತ್ತೆ ಆಗ ಬಾಗಿ ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದರು. ಕುಂಚಿಗೆಯ ದಾರ ಗಂಟುಬಿದ್ದಿತ್ತು. ಆ ಕೈಯನ್ನು ನೋಡಿದವಳು ನಾನೊಬ್ಬಳೇ.

ಈಗ ದಯವಿಟ್ಟು ಮೇಲಿನ ಮಾತುಗಳನ್ನು ಇನ್ನೊಮ್ಮೆ ಓದಿ, ಅಂಗೈಯನ್ನು ನೋಡದವರಾಗಿ ಓದಿ. ಒಂದು ಶಬ್ದವೂ ಎದುರು ಹೇಳುವುದಿಲ್ಲ. ಎಲ್ಲವೂ ತಗಡಿನ ಡಬ್ಬಾಕ್ಕೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ.

ಟಂಟಂ ರಿಕ್ಷಾದಲ್ಲಿ ಮನೆಗೆ ಹೊರಟೆವು. ನಾನು ಡಾಕ್ಟರ ಕೈಯನ್ನು ನೆನೆಸಿಕೊಳ್ಳುತ್ತ, ಮನೆಗೆ ಹೋಗಿ ಕೂಸನ್ನು ಎಲ್ಲಿ ಡಬ್ಬ ಹಾಕುವುದು, ಕೌದಿ ಯಾವುದು ಹಾಸುವುದು ಎಂದು ಲೆಕ್ಕ ಹಾಕುತ್ತಿದ್ದೆ. ಔಷಧದ ಅಂಗಡಿಯ ಮುಂದೆ ಅತ್ತೆ ರಿಕ್ಷಾ ನಿಲ್ಲಿಸಿದರು. ಇಳಿದು ಹೋಗಿ ಅಂಗಡಿಯವನಿಗೆ ಕೇಳಿದರು, “ಮೂರು ತಿಂಗಳ ದಾಟಿದ ಕೂಸಿನ ಡಬ್ಬಾ ಕೊಡಪಾ. ಚಲೋದು ಕೊಡು. ಡಾಕ್ಟರ ಹೇಳ್ಯಾರ.”

ನನಗೆ ಅರ್ಥವಾಯಿತು. ಆ ಕ್ಷಣದಲ್ಲೇ ಅರ್ಥವಾಯಿತು. ಕೂಸು ತೊಡೆಯ ಮೇಲಿತ್ತು. ಅಂಗಡಿಗೂ ನನಗೂ ನಡುವೆ ನಾಲ್ಕು ಹೆಜ್ಜೆ. ನಾನು ಬಾಯಿ ತೆರೆದೆ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಬೆನ್ನಿಗೆ ಹೇಗೆ ಹೇಳುವುದು? ತಿರುಗಲಿ, ತಿರುಗಿದ ಮೇಲೆ ಹೇಳೋಣ ಎಂದುಕೊಂಡೆ. ತಿರುಗಿದರು. ಅವರ ಕೈಯಲ್ಲಿ ಡಬ್ಬಾ ಇತ್ತು, ಮುಖದಲ್ಲಿ ಮೊಮ್ಮಗಳಿಗೆ ಏನೋ ದೊಡ್ಡದನ್ನು ಗೆದ್ದು ತಂದ ಕಳೆ ಇತ್ತು. ನಾನು ಸರಿದು ಜಾಗ ಮಾಡಿಕೊಟ್ಟೆ.

ಮನೆಯಲ್ಲಿ ಅವರು ಮಗನಿಗೆ ಹೇಳಿದ ಮಾತು ಒಳಗೆ ನನಗೆ ಕೇಳಿಸಿತು. “ಆಕಿ ಹಾಲು ಸಾಲವಲ್ದು. ಕೂಸಿನ ಕುತ್ತಿಗ್ಯಾಗ ಜೀವ ಇಲ್ಲ. ಡಾಕ್ಟರ ಬಾಯಿಬಿಟ್ಟು ಅಂದಿಲ್ಲ, ಪಾಪ, ಆಕಿ ಎದುರಿಗೆ ಹ್ಯಾಂಗ ಅಂತಾರ. ಡಬ್ಬಾ ಹಾಕ್ರಿ ಅಂದ್ರು, ನಾ ತಿಳ್ಕೊಂಡೆ.”

ಎರಡು ದಿನದಲ್ಲಿ ಅದು ಓಣಿಯ ಮಾತಾಯಿತು. ನೀರಿಗೆ ಬಂದವರು, ಹಿಟ್ಟಿಗೆ ಬಂದವರು ನನ್ನ ಸೆರಗಿನ ಕಡೆ ಕರುಣೆಯಿಂದ ನೋಡಿದರು. “ಸಾಲಿ ಭಾಳ ಕಲಿತವರ್ಗೆ ಹಿಂಗ ಆಗ್ತೈತಂತ” ಎಂದಳು ಒಬ್ಬಳು. “ನಮ್ಮ ಎಮ್ಮಿಗೆ ಹತ್ತಿಕಾಳು ಇಟ್ರ ಹಾಲು ಇಳೀತೈತಿ ನೋಡ್ರಿ, ಈಕಿಗೆ ಏನ ಇಡೂದು?” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸದ್ವರ್ತನೆ.

ನಮ್ಮವರಿಗೆ ಹೇಳಿದೆ. ಡಾಕ್ಟರು ಹೇಳಿದ್ದು ಇದಲ್ಲ, ಹೊಟ್ಟೆಯ ಮೇಲೆ ಹಾಕಬೇಕೆಂದು ಎಂದೆ. ಅವರು ಅಂಗಡಿಗೆ ಹೊರಟಿದ್ದರು, ಗಾಡಿಯ ಕೀಲಿ ಬೆರಳಲ್ಲಿ ತಿರುಗುತ್ತಿತ್ತು. “ಮತ್ತ ಅವ್ವಗ ಹೇಳು” ಎಂದರು.

“ನೀವ ಹೇಳ್ರಿ.”

“ಡಾಕ್ಟರ ಹಂತ್ಯಾಕ ಹೋದಾಕಿ ನೀನ. ನಾ ಏನಂತ ಹೇಳಲಿ? ನಾಕ ದಿನ ಹಾಕು, ಡಬ್ಬಾ ಕುಡಿದ್ರ ಕೂಸಿಗೇನ ಕೆಟ್ಟ ಆಗ್ತೈತೇನ?”

ಕೆಟ್ಟದ್ದು ಆಗುವುದಿಲ್ಲ. ಅದೇ ತೊಡಕು. ಹಾಲು ಸಿಗದ ಎಷ್ಟೋ ಕೂಸುಗಳಿಗೆ ಅದೇ ಜೀವ. ನನ್ನ ಕೂಸಿಗೆ ಅದು ಬೇಕಿರಲಿಲ್ಲ, ಅಷ್ಟೇ. ದಿನಕ್ಕೆ ನಾಲ್ಕು ಸಲ ನೀರು ಕುದಿಸಿ, ಆರಿಸಿ, ಚಮಚ ಅಳೆದು ಹಾಕುವವಳು ನಾನೇ. ಅಳತೆಯ ಲೆಕ್ಕ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಸಲೀಸಾಗಿ ಓದುವವಳು ನಾನೊಬ್ಬಳೇ ಎಂದು ಆ ಕೆಲಸ ನನ್ನದಾಯಿತು. ಪ್ರತಿ ಸಲವೂ ಚಮಚಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ದಪ್ಪ ಅಕ್ಷರ. ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ. ನಮ್ಮಪ್ಪ ಕಾನ್ವೆಂಟಿನ ಫೀ ಕಟ್ಟಿ ನನಗೆ ಕಲಿಸಿದ್ದು ಆ ಸಾಲನ್ನು ದಿನಕ್ಕೆ ನಾಲ್ಕು ಸಲ ಓದಲು.

ಕೂಸು ಡಬ್ಬಾ ಕುಡಿದು ಹೊಟ್ಟೆ ತುಂಬಿ ಮಲಗುತ್ತಿತ್ತು. ನನ್ನ ಎದೆ ಕಲ್ಲಾಗುತ್ತಿತ್ತು. ಹಿತ್ತಲಿಗೆ ಹೋಗಿ, ಲೋಟಕ್ಕೆ ಹಿಂಡಿ, ಯಾರೂ ತುಳಿಯಬಾರದೆಂದು ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಮೊದಲು ಲೋಟದ ತುಂಬ, ಆಮೇಲೆ ಅರ್ಧ, ಆಮೇಲೆ ತಳ ಮುಚ್ಚುವಷ್ಟು. ಐದು ವಾರ ಕಳೆಯುವಷ್ಟರಲ್ಲಿ ಅತ್ತೆಯ ಮಾತು ನಿಜವಾಯಿತು. ನನಗೆ ಹಾಲು ಇರಲಿಲ್ಲ. ಆ ವರ್ಷ ಕರಿಬೇವು ಬಹಳ ಚೆನ್ನಾಗಿ ಚಿಗುರಿತು. ಅತ್ತೆ ಎಲ್ಲರಿಗೂ ಹಂಚಿದರು.

ನಾನು ಅತ್ತೆಗೆ ಹೇಳಲಿಲ್ಲವೇ ಎಂದು ನೀವು ಕೇಳುತ್ತೀರಿ. ಹೇಳಿದೆ. ಇಷ್ಟು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡು ಬಂದಿದ್ದೇನೆ: ನಾನು ಹೇಳಿದ್ದೆ, ಅವರು ಕೇಳಿಸಿಕೊಳ್ಳಲಿಲ್ಲ. ಅದು ಹೇಗೆ ಹೇಳಿದೆ ಎಂಬುದನ್ನೂ ಬರೆದುಬಿಡುತ್ತೇನೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದರು, ಪಟಪಟ ಸದ್ದು. ನಾನು ಅವರಿಗೆ ಬೆನ್ನು ಮಾಡಿ ನೀರು ಕುದಿಯುವ ಪಾತ್ರೆಯ ಮೇಲೆ ಬಾಗಿ, “ಡಾಕ್ಟರು ಹೇಳಿದ್ದು ಬೋರಲು ಮಲಗಿಸಲಿಕ್ಕೆ ಅನಿಸುತ್ತದೆ” ಎಂದೆ. ನಮ್ಮ ಮನೆಯಲ್ಲಿ ಯಾರೂ ಆಡದ ಪುಸ್ತಕದ ಕನ್ನಡದಲ್ಲಿ. ‘ಬೋರಲು’, ‘ಅನಿಸುತ್ತದೆ’. ಪಾತ್ರೆಗೆ ಕೇಳಿಸಿರಬೇಕು, ಅತ್ತೆಗೆ ರೊಟ್ಟಿಯ ಸದ್ದಿನಲ್ಲಿ ಏನು ಕೇಳಿಸೀತು. “ಏನಂದಿ?” ಎಂದರು. “ಏನಿಲ್ರಿ, ನೀರು ಕಾದಾವು” ಎಂದೆ.

ಇದನ್ನು ನಾನು ‘ಹೇಳಿದೆ’ ಎಂದು ಕರೆಯುತ್ತೇನೆ.

ಆದರೆ ಕುತ್ತಿಗೆಯ ವಿಷಯ ಉಳಿದಿತ್ತು. ಡಬ್ಬಾ ಕುಡಿದು ಕೂಸಿನ ಗಲ್ಲ ತುಂಬಿತು, ತಲೆ ಮಾತ್ರ ಎತ್ತಿದವರ ತೋಳಿನಿಂದ ಹಿಂದಕ್ಕೆ ಜಾರುತ್ತಲೇ ಇತ್ತು. ಅತ್ತೆ ಬೆಳಿಗ್ಗೆ ಹತ್ತಕ್ಕೆ ಗುಡಿಗೆ ಹೋದರೆ ಹನ್ನೊಂದಕ್ಕೆ ಬರುವವರು. ಆ ಒಂದು ತಾಸು ನನ್ನದು. ಬಾಗಿಲಿಗೆ ಅಗಳಿ ಹಾಕದೆ ಬರೀ ಮುಂದೆ ಮಾಡಿ, ಪಡಸಾಲೆಯ ಕಲ್ಲಿನ ಮೇಲೆ ಕೌದಿ ಹಾಸುತ್ತಿದ್ದೆ. ಅವ್ವ ಸಿಂದಗಿಯಲ್ಲಿ ಹೊಲಿದ ಕೌದಿ. ಅವಳ ಹಳೆಯ ಇಳಕಲ್ ಸೀರೆಯ ತುಂಡುಗಳ ನಡುವೆ ನನ್ನ ಕಾನ್ವೆಂಟಿನ ನೀಲಿ ಯೂನಿಫಾರ್ಮಿನ ಒಂದು ಚೌಕ. ಟವೆಲ್ ಸುತ್ತಿ ಕೂಸಿನ ಎದೆಯ ಕೆಳಗೆ ಇಟ್ಟು, ಮೊಳಕೈ ಮುಂದೆ ಮಾಡಿ, ಡಬ್ಬ ಹಾಕುತ್ತಿದ್ದೆ.

ಮೊದಲ ದಿನ ಅದು ನೀಲಿ ಚೌಕದ ಮೇಲೆ ಮೂಗು ಊರಿ, ಯಾರೋ ಮೋಸ ಮಾಡಿದರೆಂಬಂತೆ ಅತ್ತಿತು. ಶಾಲೆಯಲ್ಲಿ ಕಲಿಸಿದ ಹಾಗೆ ಇಂಗ್ಲಿಷಿನಲ್ಲಿ ಮೂವತ್ತರವರೆಗೆ ಎಣಿಸಿ ಎತ್ತಿಕೊಂಡೆ. ಎರಡನೆಯ ದಿನ ನಲವತ್ತು. ಕೂತು ಕರೆದರೆ ಅದಕ್ಕೆ ನನ್ನ ಪಾದ ಮಾತ್ರ ಕಾಣುತ್ತದೆ ಎಂದು ಹೊಳೆದದ್ದು ಮೂರನೆಯ ದಿನ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಎದುರಿಗೆ ಡಬ್ಬ ಮಲಗಿದೆ. ಮುಖಕ್ಕೆ ಮುಖ. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆಯನ್ನು ಗೋಡೆಗೆ ಆನಿಸಿ ಇಟ್ಟೆ, ಅದರಲ್ಲಿ ಅವಳ ಮುಖ ಅವಳಿಗೇ ಹಿಗ್ಗಿ ಕಾಣುತ್ತಿತ್ತು. ನೀವು ಎಂದಾದರೂ ಹಾಗೆ ಮಲಗಿ ತಲೆ ಎತ್ತಿ ಹಿಡಿದು ನೋಡಿ. ಎರಡು ನಿಮಿಷಕ್ಕೆ ಕುತ್ತಿಗೆ ನಡುಗುತ್ತದೆ. ಅಂಗಾತ ಮಲಗಿದವರಿಗೆ ತಲೆಯ ಭಾರ ಗೊತ್ತಾಗುವುದಿಲ್ಲ.

ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ಜೈತೂನಕ್ಕ ಬಾಗಿಲು ದೂಡಿಕೊಂಡು ಬಂದಳು. ನಾಲ್ಕು ಮಕ್ಕಳನ್ನು ಸಾಕಿದ ಗಟ್ಟಿ ಹೆಂಗಸು. ನೆಲದ ಮೇಲೆ ನಮ್ಮಿಬ್ಬರನ್ನೂ ನೋಡಿ ಬಟ್ಟಲು ಹಿಡಿದು ನಿಂತುಬಿಟ್ಟಳು.

“ಏನ್ರಿ ವೈನಿ, ತಾಯಿ ಮಗಳು ಕೂಡಿ ಈಸಾಕತ್ತೀರೇನ? ಕೆನಾಲ್ ಮನಿಯಾಗ ಬಂತೇನ?”

ನಾನು ಗಡಬಡಿಸಿ ಎದ್ದೆ. ವಿಷಯವೆಲ್ಲ ಹೇಳಿದೆ. ಅವಳು ಕೂಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಟ್ಟಲನ್ನು ಅದರ ಮುಂದೆ ಅಲ್ಲಾಡಿಸಿದಳು. ಕೂಸಿನ ತಲೆ ಒಂದು ಬೆರಳಿನಷ್ಟು ಎದ್ದಿತು, ಬಟ್ಟಲ ಹಿಂದೆ ಎಡಕ್ಕೆ ಹೋಯಿತು, ದೊಪ್ಪೆಂದು ಬಿತ್ತು.

“ಎತ್ತತೈತಿ, ಎತ್ತತೈತಿ. ನಮ್ಮವು ಎಲ್ಲಾ ಹಿಂಗ ಬೆಳದಾವು. ಮತ್ತ ಅತ್ತಿಗೆ ಹೇಳೀರೇನ?”

“ಹೇಳೇನ್ರಿ.”

“ಹೇಳಿದ್ರ ಗುಡಿಗೆ ಹೋದಾಗ ಯಾಕ ಕಳವು ಮಾಡಿದಂಗ ಮಾಡ್ತೀರಿ?”

ನಾನು ಮಜ್ಜಿಗೆ ತರಲು ಒಳಗೆ ಹೋದೆ. ಬಟ್ಟಲು ತೆಗೆದುಕೊಳ್ಳುವಾಗ ಅವಳು ದನಿ ತಗ್ಗಿಸಿ, “ನಾನಂತೂ ಹೇಳಂಗಿಲ್ಲ ಬಿಡ್ರಿ, ನಿಮ್ಮ ಅತ್ತಿ ಕೂಡ ಜಗಳಾಡಿದ್ರ ನನಗ ಹೆಪ್ಪು ಯಾರ ಕೊಡ್ತಾರ? ಆದ್ರ ವೈನಿ, ಕೂಸಿನ ಕುತ್ತಿಗಿ ಗಟ್ಟಿ ಮಾಡಾಕತ್ತೀರಿ. ನಿಮ್ಮದೂ ಒಂಚೂರು ಮಾಡ್ಕೋರಿ” ಎಂದು ನಗುತ್ತ ಹೋದಳು. ಅವಳ ಮಟ್ಟಿಗೆ ಅದು ಚೇಷ್ಟೆಯ ಮಾತು.

ನಲವತ್ತು ಎಣಿಸುವುದು ನೂರಾಯಿತು, ನೂರು ಐದು ನಿಮಿಷವಾಯಿತು. ಒಂದು ಗುರುವಾರ ಶ್ರಾವಣಿ ಮೊಳಕೈ ಊರಿ, ಎದೆ ಎತ್ತಿ, ತಟ್ಟೆಯನ್ನು ಬಿಟ್ಟು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬಾಯಿಂದ ಜೊಲ್ಲು ಇಳಿದು ನೀಲಿ ಚೌಕದ ಮೇಲೆ ಬಿತ್ತು. ನನಗೆ ಕೂಗಬೇಕೆನಿಸಿತು. ಯಾರನ್ನು ಕೂಗಲಿ? ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ ಕೌದಿ ಮಡಚಿದೆ.

ಅವಳು ತಾನಾಗಿ ಹೊರಳಿ ಡಬ್ಬ ಬಿದ್ದದ್ದು ಎಲ್ಲರ ಎದುರಿಗೆ. ಭಾನುವಾರ, ನಮ್ಮವರು ಮನೆಯಲ್ಲಿದ್ದರು, ಮಸೂತಿಯಿಂದ ಅತ್ತೆಯ ತಂಗಿ ಬಂದಿದ್ದರು. ಪಡಸಾಲೆಯಲ್ಲಿ ಅಂಗಾತ ಮಲಗಿದ್ದ ಕೂಸು ಕಾಲು ಎತ್ತಿ, ಸೊಂಟ ತಿರುವಿ, ಪಲ್ಟಿ ಹೊಡೆದು, ತಲೆಯನ್ನು ನೆಟ್ಟಗೆ ಎತ್ತಿ ಹಿಡಿಯಿತು. ಅತ್ತೆ ಕೂಗಿದ ದನಿ ಜೈತೂನಕ್ಕನ ಮನೆ ದಾಟಿ ಹೋಗಿರಬೇಕು.

“ಡಬ್ಬ ಬಿತ್ತು! ಕೂಸು ಡಬ್ಬ ಬಿತ್ತು ನೋಡ್ರಿ. ನಾ ಅಂದಿದ್ದಿಲ್ಲ? ಡಬ್ಬಾ ಹಾಕಿದ್ದಕ್ಕ ಡಬ್ಬ ಬಿತ್ತು.”

ಎರಡೂ ಮಾತು ಒಂದೇ ಉಸಿರಿನಲ್ಲಿ, ಒಂದರ ಪಕ್ಕ ಒಂದು, ಹ್ರಸ್ವ ಹ್ರಸ್ವದ ಜಾಗದಲ್ಲಿ, ದೀರ್ಘ ದೀರ್ಘದ ಜಾಗದಲ್ಲಿ. ಅತ್ತೆಗೆ ತಾವು ಏನು ಹೇಳಿದೆವೆಂದು ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ಕಾದೆ. ಅವರು ನನ್ನ ಕಡೆ ತಿರುಗಿ, “ಬ್ಯಾಳಿ ಹಾಕು, ಹೋಳಿಗಿ ಆಗ್ಬೇಕು” ಎಂದರು.

ಐವತ್ತೆರಡು ಹೋಳಿಗೆ ಮಾಡಿದೆ. ಅತ್ತೆ ಓಣಿಯ ಮನೆಮನೆಗೂ ಹೋಗಿ ಕೊಟ್ಟು, ಹೋಳಿಗೆಯ ಜೊತೆ ಡಬ್ಬಾದ ಮಹಿಮೆಯನ್ನೂ ಕೊಟ್ಟು ಬಂದರು. ಜೈತೂನಕ್ಕ ತನ್ನ ಪಾಲಿನ ಹೋಳಿಗೆಯನ್ನು ಹಿತ್ತಲ ಗೋಡೆಯ ಆಚೆ ನಿಂತು ತಿನ್ನುತ್ತ ನನ್ನನ್ನೇ ನೋಡಿದಳು.

ನಾನು ಆಗಲೂ ಅಂದುಕೊಂಡೆ, ಹೋಗಲಿ, ಕೂಸಿನ ಕುತ್ತಿಗೆ ನಿಂತಿತಲ್ಲ, ಯಾರಿಂದಾದರೇನು. ಕಾನ್ವೆಂಟಿನ ಹುಡುಗಿಯರಿಗೆ ಹೀಗೆ ಅಂದುಕೊಳ್ಳುವುದು ಬಹಳ ಸುಲಭ, ಅದಕ್ಕೆ ತ್ಯಾಗ ಎಂಬ ಚೆಂದದ ಹೆಸರೂ ಇದೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಅತ್ತೆಯ ತಂಗಿ ಅದನ್ನು ಮಸೂತಿಗೆ ಒಯ್ದರು. ಅವರ ಮೊಮ್ಮಗನಿಗೆ ಡಬ್ಬಾ ಬಂತು. ಇಂಗಳೇಶ್ವರದ ಬೀಗರ ಮನೆಯ ಅವಳಿ ಕೂಸುಗಳಿಗೆ ಬಂತು. ಮುದ್ದೇಬಿಹಾಳದಿಂದ ಒಬ್ಬ ಬಾಣಂತಿ ಫೋನು ಮಾಡಿ ಕೇಳಿದಾಗ ಅತ್ತೆ, “ನಿನ್ನ ಹಾಲು ಹೋದ್ರ ಹೋಗಲಿ ಬಿಡವ್ವಾ, ನಮ್ಮ ಶೋಭಾಂದೂ ಹೋತು, ಕೂಸು ನೋಡು ಹ್ಯಾಂಗೈತಿ” ಎಂದದ್ದನ್ನು ನಾನು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೇಳಿಸಿಕೊಂಡೆ. ಆ ಹುಡುಗಿಯ ಮುಖವನ್ನು ನಾನು ಈವರೆಗೂ ನೋಡಿಲ್ಲ. ಅವಳ ಮನೆಯ ಹಿತ್ತಲಲ್ಲೂ ಯಾವುದಾದರೂ ಗಿಡ ಇದ್ದೇ ಇರುತ್ತದೆ.

ಈಗ ನಿನ್ನೆಯ ಮಾತು.

ನನ್ನ ನಾದಿನಿ ಗಂಗಾ ಬಾಣಂತನಕ್ಕೆ ಬಂದಿದ್ದಾಳೆ. ಅತ್ತೆಗೆ ತಡವಾಗಿ ಹುಟ್ಟಿದ ಮಗಳು. ನಾನು ಮದುವೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಅವಳ ಮಗನಿಗೆ ಮೂರು ತಿಂಗಳು ತುಂಬಿದೆ. ನಿನ್ನೆ ಮಧ್ಯಾಹ್ನ ಅತ್ತೆ ನೀರು ಎರೆದು ಎತ್ತುವಾಗ ಕೂಸಿನ ತಲೆ ಹಿಂದಕ್ಕೆ ವಾಲಿತು. ಅತ್ತೆ ಹಿಂದಲೆ ಮುಟ್ಟಿ ನೋಡಿದರು. ನಾನು ಮೆಂತೆಯ ಡಬ್ಬಾ ಕೆಳಗಿಳಿಸಿ, ಬಾಣಂತಿಯ ಉಂಡಿಗೆ ಮೆಂತೆ ಆರಿಸುತ್ತಿದ್ದೆ. ಅತ್ತೆಯ ಕಣ್ಣು ಕೂಸಿನಿಂದ ಡಬ್ಬಾದ ಮೇಲೆ ಬಿತ್ತು. ನನಗೆ ಎಲ್ಲವೂ ತಿಳಿಯಿತು.

“ಶ್ರಾವಣಿದೂ ಹಿಂಗ ಇತ್ತು” ಎಂದರು ಮಗಳಿಗೆ. “ಡಬ್ಬಾ ಹಾಕಿದ ಮ್ಯಾಲ ನೆಟ್ಟಗಾತು. ನಾಳೆ ನಿಮ್ಮಣ್ಣಗ ಹೇಳಿ ತರಸ್ತೀನಿ.”

“ನನಗ ಹಾಲು ಐತೆವ್ವಾ, ಬೇಕಾದಷ್ಟು ಐತಿ” ಎಂದಳು ಗಂಗಾ.

“ಈಕಿಗೂ ಇತ್ತು. ಸಾಲಲಿಲ್ಲ. ಸಂಶಯ ಇದ್ರ ಈಕಿನ್ನ ಕೇಳು.” ಅತ್ತೆ ನನ್ನ ಕಡೆ ತಿರುಗಿದರು. “ಶೋಭಾ, ನೀನ ಹೇಳು ಆಕಿಗೆ.”

ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಯಾರೋ ಹೆಸರು ಕರೆದಿದ್ದರು.

ನಾನು ಎದ್ದು ನಿಂತೆ. ನಿಜವಾಗಿಯೂ ಎದ್ದು ನಿಂತೆ, ಮಡಿಲಲ್ಲಿದ್ದ ಮೆಂತೆ ನೆಲಕ್ಕೆ ಚೆಲ್ಲಿತು. ಒಳಗೆ ಹೋಗಿ ಆ ಹಳೆಯ ಕೌದಿ ತಂದು ಹಾಸಿದೆ. ಗಂಗಾಳ ಕೈಯಿಂದ ಕೂಸನ್ನು ತೆಗೆದುಕೊಂಡು ಟವೆಲ್ಲಿನ ಸುರುಳಿಯ ಮೇಲೆ ಡಬ್ಬ ಹಾಕಿದೆ.

“ಏನ್ ಮಾಡಾಕತ್ತಿ?”

“ಡಬ್ಬ ಹಾಕಾಕತ್ತೇನ್ರಿ ಅತ್ತಿ. ಅವತ್ತ ಡಾಕ್ಟರ ಹೇಳಿದ್ದು ಇದನ್ನ. ದಿನಕ್ಕ ನಾಕ ಸಲ ಡಬ್ಬ ಹಾಕ್ರಿ ಅಂದಿದ್ರು. ಅವರ ಬಾಯಾಗ ಅದು ಡಬ್ಬಾ ಆತು. ನೀವು ಕುಂಚಿಗಿ ಕಟ್ಟಾಕತ್ತಿದ್ರಿ, ಅವರು ಕೈ ಹಿಂಗ ಮಾಡಿ ತೋರಿಸಿದ್ರು.” ನಾನು ಅಂಗೈ ಮಗುಚಿ ಕೌದಿಯ ಮೇಲೆ ಇಟ್ಟು ತೋರಿಸಿದೆ. “ಶ್ರಾವಣಿನ್ನ ನಾ ದಿನಾ ನೀವು ಗುಡಿಗೆ ಹೋದಾಗ ಹಿಂಗ ಹಾಕ್ತಿದ್ದೆ. ಅದಕ್ಕ ಕುತ್ತಿಗಿ ನಿಂತಿತ್ರಿ. ನನ್ನ ಹಾಲು ಸಾಲದಂಗ ಇರಲಿಲ್ಲ.”

ಗಂಗಾ ತಾಯಿಯ ಮುಖ ನೋಡಿದಳು. ಅತ್ತೆಯ ತುಟಿ ಎರಡು ಸಲ ಅಲ್ಲಾಡಿತು. ಡಬ್ಬ, ಡಬ್ಬಾ ಎಂದು ಮನಸ್ಸಿನಲ್ಲೇ ಅಂದು ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಕೇಳಿದರು. ಜೋರು ದನಿ ಇರಲಿಲ್ಲ.

“ಮತ್ತ ಅವತ್ತ ಯಾಕ ಹೇಳಲಿಲ್ಲ?”

ಇಷ್ಟು ವರ್ಷ ಕಾಯ್ದಿಟ್ಟ ಉತ್ತರ ನನ್ನ ಹತ್ತಿರ ಸಿದ್ಧವಿತ್ತು. “ನೀವು ಕೇಳಲಿಲ್ರಿ ಅತ್ತಿ.”

“ಕೇಳಬೇಕೇನ?” ಎಂದರು ಅತ್ತೆ. “ಕೂಸು ನಿಂದಲ್ಲೇನ?”

ಕೌದಿಯ ಮೇಲೆ ಕೂಸು ತಲೆ ಎತ್ತಿ, ಒಂದು ಕ್ಷಣ ಹಿಡಿದು, ನೀಲಿ ಚೌಕದ ಮೇಲೆ ಮೂಗು ಊರಿ ಅಳತೊಡಗಿತು. ಗಂಗಾ ಎತ್ತಿಕೊಂಡು ಎದೆಗೆ ಹಾಕಿಕೊಂಡಳು. ಅತ್ತೆ ಒಳಗೆ ಹೋದರು. ನಾನು ಚೆಲ್ಲಿದ ಮೆಂತೆಯನ್ನು ಒಂದೊಂದೇ ಆರಿಸಿ ಡಬ್ಬಾಕ್ಕೆ ತುಂಬಿದೆ. ಅವು ಬಹಳ ದೂರದವರೆಗೆ ಉರುಳಿದ್ದವು.

ಇವತ್ತು ಬೆಳಿಗ್ಗೆ ಮೆಂತೆ ಬಾಟಲಿಯಲ್ಲಿತ್ತು. ಸಾರು ಇಳಿಸಿ ಕರಿಬೇವು ತರಲು ಹಿತ್ತಲಿಗೆ ಹೋದೆ. ಅತ್ತೆ ಆಗಲೇ ಗುಡಿಗೆ ಹೋಗಿದ್ದರು. ಡಬ್ಬಾ ಅಲ್ಲಿತ್ತು, ಗಿಡದ ಪಕ್ಕದ ಕಲ್ಲಿನ ಮೇಲೆ. ಅತ್ತೆ ಅದನ್ನು ತಿಕ್ಕಿ ತೊಳೆದು, ನೀರು ಸೋರಲೆಂದು ಡಬ್ಬ ಹಾಕಿದ್ದರು. ಅಂಚಿನಿಂದ ಇಳಿದ ನೀರು ಕರಿಬೇವಿನ ಬುಡದವರೆಗೆ ಹರಿದಿತ್ತು. ಈ ಸಲ ಅದರ ಹೊಟ್ಟೆಯ ಮೇಲೆ ‘ಅತ್ಯುತ್ತಮ’ ಎಂಬ ಕೊನೆಯ ಆ ಮಾತು ಕೂಡ ಉಳಿದಿರಲಿಲ್ಲ.